ಅಮ್ಮ ಬಡ್ತಿ ಬಿಟ್ಟ ಬೇಸಿಗೆ

ಹೆಂಗಸೊಬ್ಬಳು ದನದ ಡಾಕ್ಟರು ಎಂದರೆ ಜನ ನಿಂತು ನೋಡುತ್ತಿದ್ದ ಕಾಲ ಅದು, ತೊಂಬತ್ತರ ದಶಕ. ನಮ್ಮ ಮನೆ ಅರಸೀಕೆರೆಯಲ್ಲಿ, ಅಮ್ಮನ ಪಶು ಆಸ್ಪತ್ರೆ ಗಂಡಸಿ ಕಡೆಯ ಹಳ್ಳಿಯೊಂದರಲ್ಲಿ. ಬೇಸಿಗೆ ರಜೆ ಬಂತೆಂದರೆ ನಾನೂ ಅವಳ ಜೊತೆ ಬಸ್ಸು ಹತ್ತುತ್ತಿದ್ದೆ. ಫಿನಾಯಿಲ್, ಸಗಣಿ, ಹಸಿಹುಲ್ಲು ಬೆರೆತ ಆ ಜಾಗದ ವಾಸನೆಗೆ ಯಾರಾದರೂ ಮೂಗು ಮುಚ್ಚಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹಸು ಹಿಡಿದು ಬಂದವರು ಸೀದಾ ಕಾಂಪೌಂಡರ್ ಹತ್ತಿರ ಹೋಗಿ, "ಡಾಕ್ಟ್ರೇ, ಮೇವ್ ಮುಟ್ತಾ ಇಲ್ಲ, ವಸಿ ನೋಡಿ" ಎನ್ನುತ್ತಿದ್ದರು. ಪಾಪ, ಕಾಂಪೌಂಡರ್ ಅಮ್ಮನ ಕಡೆ ಕೈ ತೋರಿಸುತ್ತಿದ್ದರು. ಅಮ್ಮ ನಗುತ್ತ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಸುವಿನ ಬಾಯಿ ಬಿಡಿಸುತ್ತಿದ್ದಳು. ಹಸು ಚೇತರಿಸಿಕೊಂಡ ಮೇಲೆ ಅದೇ ಜನ ಎಳನೀರು ಕೆತ್ತಿ ತರುತ್ತಿದ್ದರು. ಒಳಗಿನ ಎಳೆ ಗಂಜಿಯೆಲ್ಲ ನನ್ನ ಪಾಲು.

ಆ ಮೇ ತಿಂಗಳಲ್ಲಿ ಅಮ್ಮನಿಗೆ ಬಡ್ತಿಯ ಆದೇಶ ಬಂತು, ದೂರದ ಬೀದರಿಗೆ. ಒಂದು ತಾಲ್ಲೂಕಿನ ಪಶು ಆಸ್ಪತ್ರೆಗಳೆಲ್ಲ ಅವಳ ಕೈಕೆಳಗೆ. ಹಿಂದೊಮ್ಮೆ ಅಪ್ಪನಿಗೆ ಹೆಡ್‌ಮಾಸ್ಟರಾಗಿ ಚಿತ್ರದುರ್ಗದ ಕಡೆ ಬಡ್ತಿಯಾದಾಗ ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದೆವು. ಎರಡು ವರ್ಷ ಅಲ್ಲಿದ್ದು ಊರಿಗೆ ವರ್ಗ ಮಾಡಿಸಿಕೊಂಡು ಬಂದರು. ಆಗ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಈ ಸಲ ಅಪ್ಪ, "ನಿನ್ನಿಷ್ಟ ಕಣೇ. ಮಗೂನ ಒಂದ್ ಮಾತು ಕೇಳು" ಎಂದರು.

ಅಮ್ಮ ಕೇಳಿದಳು. ನನಗೆ ಒಂಬತ್ತು ವರ್ಷ. ಬೀದರ್ ಎಲ್ಲಿದೆಯೋ ಗೊತ್ತಿಲ್ಲ. ಅವಳ ಸೀರೆ ಹಿಡಿದುಕೊಂಡು ಗೊಳೋ ಎಂದು ಅತ್ತೆ. "ನೀನು ಹೋದ್ರೆ ನಾನು ಊಟಾನೇ ಮಾಡಲ್ಲ."

"ಆಯ್ತು, ಹೋಗಲ್ಲ ಬಿಡು" ಎಂದಳು. ಮಾರನೆಯ ದಿನವೇ ಬಡ್ತಿ ಬೇಡವೆಂದು ಅರ್ಜಿ ಬರೆದಳು. ಲಕೋಟೆಗೆ ಅಂಟು ಹಚ್ಚಿದ್ದು ನಾನೇ, ಕುಣಿಯುತ್ತ.

ಅಂಥ ರಜೆ ಮತ್ತೆ ಬರಲಿಲ್ಲ. ಮಾವಿನಕಾಯಿಗೆ ಉಪ್ಪುಖಾರ, ಆಸ್ಪತ್ರೆಯ ಅಂಗಳದಲ್ಲಿ ಕುಂಟೆಬಿಲ್ಲೆ, ವಾಪಸು ಬರುವ ಬಸ್ಸಿನಲ್ಲಿ ಅಮ್ಮನ ತೊಡೆಯ ಮೇಲೆ ನಿದ್ದೆ.

ಬೀದರಿಗೆ ಹೋದವರು ಅಮ್ಮನ ಕೈಯಲ್ಲೇ ಕೆಲಸ ಕಲಿತಿದ್ದ ಕಿರಿಯ ಡಾಕ್ಟರು. ಅವರಿಗೂ ಇಬ್ಬರು ಮಕ್ಕಳಿದ್ದರು. ಆ ಮಕ್ಕಳನ್ನು ಯಾರೂ ಕೇಳಿದಂತಿಲ್ಲ. ಕೆಲವು ವರ್ಷಗಳ ಮೇಲೆ ಅವರು ಅಮ್ಮನಿಗೇ ಮೇಲಧಿಕಾರಿಯಾಗಿ ಬಂದರು. ಒಳ್ಳೆಯ ಮನುಷ್ಯ. "ಮೇಡಂ, ಕೂತ್ಕೊಳ್ಳಿ" ಎನ್ನುತ್ತಿದ್ದರು. "ಪರವಾಗಿಲ್ಲ ಸಾರ್" ಎಂದು ಅಮ್ಮ ನಿಂತೇ ಇರುತ್ತಿದ್ದಳು.

ಅಮ್ಮ ಈಗ ನಿವೃತ್ತಳು. ಮೊನ್ನೆ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಕೇಳಿದೆ, "ಅವತ್ತು ನಾನು ಅಳದೇ ಇದ್ದಿದ್ರೂ ನೀನೇನ್ ಹೋಗ್ತಿರ್ಲಿಲ್ಲ, ಅಲ್ವಾಮ್ಮ?" ಹೌದು ಎನ್ನುತ್ತಾಳೆಂದೇ ನಂಬಿದ್ದೆ.

"ಹೋಗ್ತಿದ್ದೆ ಕಣೇ" ಎಂದಳು, ತಲೆ ಎತ್ತದೆ. "ತುಂಬಾ ಆಸೆ ಇತ್ತು."

ಆ ಬೇಸಿಗೆಯ ಸುಖ ಇವತ್ತಿಗೂ ನನ್ನದೇ, ಸುಳ್ಳು ಹೇಳಲಾರೆ. ಆದರೆ ಅಮ್ಮನಿಗೆ ಆಸೆಯೇ ಇರಲಿಲ್ಲ ಎಂದುಕೊಂಡು ಇಷ್ಟು ವರ್ಷ ನೆಮ್ಮದಿಯಾಗಿದ್ದೆನಲ್ಲ, ಆ ನೆಮ್ಮದಿ ಮಾತ್ರ ಮೊನ್ನೆಗೆ ಮುಗಿಯಿತು.