ನೆಲೋಗಿಯ ವಾರ, ಗೊಬ್ಬೂರಿನ ವಾರ

ಮೊನ್ನೆ ಜೇವರ್ಗಿಯಲ್ಲಿ ಮೊಮ್ಮಗಳ ಫುಟ್‌ಬಾಲ್ ಪಂದ್ಯ ನೋಡಲು ಹೋಗಿದ್ದೆ. ಆಳಂದದ ಹುಡುಗಿಯರನ್ನು ಕರೆತಂದ ಬಸ್ಸು ಮೈದಾನದ ಬದಿಗೆ ಬಂದು ನಿಂತಿತು. ಕಾದ ಡೀಸೆಲ್ಲಿನ ವಾಸನೆ, ಅದರ ಬೆನ್ನಿಗೇ ಧೂಳು... ಒಮ್ಮೆಲೇ ನಮ್ಮ ಕಂಡಕ್ಟರ್ ಸಾಹೇಬರು ನೆನಪಾದರು.

ಎಂಬತ್ತನೆಯ ಇಸವಿಯ ಆಸುಪಾಸಿನ ಮಾತು. ನಾನು ಏಳನೆಯ ಇಯತ್ತೆಗೇ ಸಾಲಿ ಬಿಟ್ಟವನು, ನೆಲೋಗಿ ತಂಡದ ಗೋಲ್‌ಕೀಪರ. ಸಾಹೇಬರದು ರಾತ್ರಿ ಹಳ್ಳಿಯಲ್ಲೇ ತಂಗುವ ವಸ್ತಿ ಬಸ್ಸಿನ ಕೆಲಸ. ಒಂದು ವಾರ ನಮ್ಮೂರಿನಲ್ಲಿ ವಸ್ತಿ, ಮರುವಾರ ಅಫಜಲಪುರ ಕಡೆಯ ಗೊಬ್ಬೂರಿನಲ್ಲಿ. ಸಂಜೆ ಬಸ್ಸು ನಿಂತಿತೆಂದರೆ ಖಾಕಿ ಅಂಗಿ ಕಳಚಿ, ಬನಿಯನ್ನಿನಲ್ಲೇ ಜೋಳ ಕೊಯ್ದ ಹೊಲಕ್ಕೆ ಇಳಿದು ನಮಗೆ ಆಟ ಕಲಿಸುತ್ತಿದ್ದರು. ಅವರ ಬಸ್ಸಿನ ಸೀಟಿಯೇ ನಮಗೂ ಸೀಟಿ. ಒಂದು ಊದಿದರೆ ನಿಲ್ಲಬೇಕು, ಎರಡು ಊದಿದರೆ ಓಡಬೇಕು!

ಗೊಬ್ಬೂರಿನ ಹುಡುಗರಿಗೂ ಹೀಗೇ ಕಲಿಸುತ್ತಿದ್ದರು. ನಮ್ಮೆದುರು ಬಾಯಿ ತೆರೆದರೆ ಮಾತ್ರ ಅವರದೇ ಹೊಗಳಿಕೆ. ಓಟದಲ್ಲಿ ನಾವು ಮುಂದೆ, ಆದರೆ ಬಾಲು ಹಂಚಿಕೊಂಡು ಆಡುವುದನ್ನು ಅವರಿಂದ ಕಲಿಯಬೇಕಂತೆ.

"ಅಲ್ಲಿ ಗೋಲ್‌ಕೀಪರ ಇನ್ನೆರಡ ವರ್ಷಕ್ಕ ಜಿಲ್ಲಾ ಟೀಮಿಗೆ ಹೋಗ್ತಾನ ನೋಡಲೇ. ನೀ ಬಾಲ್ ನೋಡಂಗಿಲ್ಲ, ಕಟ್ಟಿ ಮ್ಯಾಲೆ ಕುಂತ ಮಂದಿ ನೋಡ್ತಿ!"

"ಹಂಗಾದ್ರ ಅಲ್ಲೇ ಇರ್ರಿ ಸಾಹೇಬ್ರ."

"ಇರ್ತೇನಿ, ಮುಂದಿನ ವಾರ!" ಎಂದು ನಕ್ಕರು.

ಒಂದೇ ಒಂದು ಸಲ ಅವರ ಬಾಯಲ್ಲಿ 'ನೀ ಚಲೋ' ಅನ್ನಿಸಿಕೊಳ್ಳಬೇಕೆಂದು ನನಗೆ ಹಟ. ಹಗಲೆಲ್ಲ ಗೋಡೆಗೆ ಬಾಲು ಒದ್ದು ಹಿಡಿದೆ, ಜಿಗಿದೆ, ಬಿದ್ದೆ. ಮೊಳಕಾಲು ಸುಲಿದಾಗ ಸಾಹೇಬರು ಬೈಯುತ್ತಲೇ ಬಸ್ಸಿನ ಹಳೆಯ ಟ್ಯೂಬು ಕತ್ತರಿಸಿ ಪಟ್ಟಿ ಮಾಡಿ ಕಟ್ಟಿದರು.

ಕಡೆಗೊಮ್ಮೆ ಗೊಬ್ಬೂರಿನಲ್ಲೇ ಪಂದ್ಯ ಗೊತ್ತಾಯಿತು. ಸಾಹೇಬರಿಗೆ ಅಂದು ರಜೆ ಸಿಗಲಿಲ್ಲ. ಸೀಟಿ ಹಿಡಿದವರು ಅಲ್ಲಿನ ಸಾಲಿ ಮಾಸ್ತರರು. ಆಟ ನಿಲ್ಲಿಸಲು ಅವರು ಎರಡು ಸಲ ಊದಿದ್ದೇ ತಡ, ಎರಡೂ ಊರಿನವರು ಒಟ್ಟಿಗೇ ಓಡಿದೆವು! ಜನ ಬಿದ್ದು ಬಿದ್ದು ನಕ್ಕರು.

ಒಂದು ಗೋಲಿನಿಂದ ಸೋತೆವು. ತಲೆ ತಗ್ಗಿಸಿ ನಿಂತಿದ್ದೆ. ಗೊಬ್ಬೂರಿನ ಗೋಲ್‌ಕೀಪರ ನನ್ನ ಕಡೆಗೇ ಬಂದ. ಅವನ ಮೊಳಕಾಲಿಗೂ ಅದೇ ಟ್ಯೂಬಿನ ಪಟ್ಟಿ.

"ನೆಲೋಗಿಯವ ನೀನೇ ಏನಲೇ? ನಿನ್ನ ಸಲುವಾಗಿ ಎಷ್ಟು ಬೈಸ್ಕೊಂಡೇನಿ ಗೊತ್ತೇನು! 'ನೆಲೋಗಿ ಹುಡುಗನ್ನ ನೋಡಿ ಕಲಿ, ಹುಲಿ ಜಿಗಿದಂಗ ಜಿಗಿತಾನ' ಅಂತಾರ ನಮ್ಮ ಸಾಹೇಬ್ರು."

ಸೋತವನು ಕುಣಿಯುತ್ತ ಊರಿಗೆ ಬಂದೆ. ನಮ್ಮ ವಾರ ಬರಲಿ, 'ಸಿಕ್ಕಿಬಿದ್ರಿ ಸಾಹೇಬ್ರ' ಅನ್ನಬೇಕೆಂದು ಕಾದೆ. ನಮ್ಮ ವಾರ ಬಂತು. ಬಸ್ಸಿನಿಂದ ಇಳಿದವರು ಬೇರೆ ಕಂಡಕ್ಟರು. ಸಾಹೇಬರಿಗೆ ದೂರದ ಡಿಪೋಕ್ಕೆ ವರ್ಗವಾಗಿತ್ತು. ಮತ್ತೆ ಅವರನ್ನು ಕಾಣಲಿಲ್ಲ. ತೀರಿಕೊಂಡರೆಂಬ ಸುದ್ದಿ ಬಂದದ್ದು ಎಷ್ಟೋ ವರ್ಷದ ಮೇಲೆ...

ಮೊನ್ನೆ ನನ್ನ ಮೊಮ್ಮಗಳು ಮೂರು ಗೋಲು ತಡೆದಳು. ಮೂರು! ಆಟ ಮುಗಿದದ್ದೇ ಮೈತುಂಬ ಮಣ್ಣು ಮಾಡಿಕೊಂಡು ಓಡಿಬಂದಳು.

"ಮುತ್ಯಾ, ಖರೇ ಹೇಳು. ಆಳಂದ ಗೋಲ್‌ಕೀಪರ ಚಲೋನೋ, ನಾ ಚಲೋನೋ?"

ಇನ್ನೂ ಕಲಿಯುವ ಮಗು, ಆಳಂದದವಳೇ ಚಲೋ ಅನ್ನಬೇಕೆಂದು ಬಾಯಿ ತೆರೆದೆ. "ನೀನೇ ನನ್ನವ್ವಾ, ನೀನೇ!" ಎಂದು ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಿಬಿಟ್ಟೆ. ಸಾಹೇಬರಷ್ಟು ಗಟ್ಟಿ ಎದೆ ನನಗಿಲ್ಲ. ಅವರಿಗೂ ಒಮ್ಮೆ ಹೀಗೆ ಕೂಗಬೇಕೆನಿಸಿತ್ತೋ ಏನೋ... ಕೇಳೋಣವೆಂದರೆ ಅವರಿಲ್ಲ.