ಸೋದರಮಾವನ ನಾಲ್ಕು ಸಾಲು

ನನಗೆ ಪ್ರಶಸ್ತಿ ತಂದ ಸುದ್ದಿಗೆ ನಾನು ತೆತ್ತ ಬೆಲೆ ನನ್ನ ಹೆಸರು. ಹೆಂಡತಿಯ ತಮ್ಮ ಹೇಳಿದ ನಾಲ್ಕು ಸಾಲು ಅಚ್ಚಾಗಲಿ ಎಂದು ಅದನ್ನು ಬಿಟ್ಟುಕೊಟ್ಟೆ.

ಅವನು ತಮಿಳುನಾಡಿನ ಕಂಬಂ ಕಣಿವೆಯ ದ್ರಾಕ್ಷಿ ವ್ಯಾಪಾರಿ. ದಾರಿಯಲ್ಲಿ ಹಣ್ಣು ಉದುರುತ್ತದೆಂದು ತೋಟದವರು ತಂದ ಪ್ರತಿ ಕ್ರೇಟಿನ ತೂಕದಲ್ಲೂ ಒಂದಿಷ್ಟು ಮುರಿದುಕೊಳ್ಳುವುದು ಅಲ್ಲಿನ ವ್ಯಾಪಾರಿಗಳ ರೂಢಿ. ತೋಟದವರ ಗೋಳು ಕೇಳಿ ಬರೆಯಲು ಹೊರಟರೆ, ನಾನು ಕಣ್ಣಾರೆ ಕಂಡ ತಕ್ಕಡಿ ಅವನದೇ. ಅತ್ತ ಮಗಳ ಕಿವಿ ಚುಚ್ಚಿಸುವ ಶಾಸ್ತ್ರ ಹತ್ತಿರ ಬಂದಿತ್ತು. ನಮ್ಮಲ್ಲಿ ಮಗು ಸೋದರಮಾವನ ತೊಡೆಯ ಮೇಲೇ ಕೂರಬೇಕು.

ಅವನ ಮಂಡಿಗೇ ಹೋಗಿ ಕೇಳಿದೆ.

“ನನ್ ಹೆಸ್ರ ಬುಟ್ಬುಡು ಬಾವ.”

“ಮುರಿಯೋದ ನಿಲ್ಸು ಮಚ್ಚಾನ್, ಅದ್ನೂ ಬರೀತೀನಿ.”

“ಘಾಟಿ ಹತ್ತಿ ಕೇರಳ ಸೇರೋದ್ರಲ್ಲಿ ಹಣ್ಣು ಉದುರ್ತದೆ. ಆ ನಷ್ಟ ನಿಮ್ ಪೇಪರ್‌ನೋರು ಹೊರ್ತಾರಾ? ದಮ್ಮಿದ್ರೆ ಇದ್ನೂ ಬರಿ!”

ಬರೆದೆ. ದಿಂಡುಗಲ್ ಕಚೇರಿಯಿಂದ ಉಪಸಂಪಾದಕರು ಫೋನ್ ಮಾಡಿ, ಜಾಗವಿಲ್ಲ, ವ್ಯಾಪಾರಿಯ ಮಾತು ಹೋಗಲಿ ಎಂದರು. ಪೇಪರ್ ಕಟ್ಟು ಹಂಚುತ್ತ ವರದಿಗಾರನಾದವನು ನಾನು, ಚೌಕಾಸಿ ಹೊಸದಲ್ಲ.

“ನನ್ನ ಹೆಸರು, ಫೋಟೊ ಎರಡನ್ನೂ ತೆಗೀರಿ ಸಾರ್. ಆ ಜಾಗ ಸಾಕು.”

“ಎಂಥಾ ಆಳಯ್ಯಾ ನೀನು!” ಎಂದು ನಕ್ಕು ಒಪ್ಪಿದರು.

ಸುದ್ದಿ ಬಂದ ಮೇಲೆ ಜಿಲ್ಲಾ ಕೇಂದ್ರ ತೇನಿಯಿಂದ ಅಧಿಕಾರಿಗಳು ಬಂದರು. ಮಂಡಿಗಳಲ್ಲಿ ಮುರಿಯುವುದು ನಿಂತಿತು. ಭಾವಮೈದುನ ನನ್ನೊಡನೆ ಮಾತು ಬಿಟ್ಟ. ಹೆಂಡತಿ ಶಾಸ್ತ್ರವನ್ನೇ ಮುಂದೂಡಿದಳು. “ಅವ್ನ್ ಬರೋಗಂಟ ನಿಮ್ ಮಗ್ಳ್ ಕಿವಿ ಬೋಳೇ.”

ಮುಂದೆ ಅದೇ ಸುದ್ದಿಯನ್ನು ಕಚೇರಿಯವರು ನನ್ನ ಹೆಸರಲ್ಲೇ ಸ್ಪರ್ಧೆಗೆ ಕಳಿಸಿ, ಪ್ರಶಸ್ತಿ ಬಂತು. ವೇದಿಕೆಯಲ್ಲಿ ನನ್ನ ಹೆಸರು ಕೂಗಿದಾಗ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ? ಮನೆಗೆ ಬಂದರೆ ಮಗಳ ಕಿವಿ ಹಾಗೇ ಇತ್ತು.

ಒಂದು ಬೆಳಗ್ಗೆ ಅವನೇ ಬಂದ. ಕೈಯಲ್ಲಿ ಅಕ್ಕನಿಗೆ ಚಿನ್ನಾಳಪಟ್ಟಿ ಸೀರೆ, ಮಗುವಿಗೆ ಓಲೆ.

“ನಿನ್ ಪ್ರಶಸ್ತಿ ನೋಡಕ್ ಬಂದಿಲ್ಲ. ಕೇರಳದಲ್ಲಿ ನಮ್ ಹಣ್ ಕೊಳ್ಳೋನ್ಗೆ ಪೇಪರ್ ತೋರಿಸ್ದೆ. ನನ್ ಮಾತ್ ಅಚ್ಚಾಗಿತ್ತಲ್ಲ, ಉದುರಿದ್ರಲ್ಲಿ ಅರ್ಧ ನಷ್ಟ ನಂದು ಅಂತ ಒಪ್ಕಂಡ. ಎಲ್ಲಿ ನನ್ ಸೊಸೆ?”

ಅವನ ತೊಡೆಯ ಮೇಲೆ ಕೂತು ಅವಳು ಬೀದಿಗೆಲ್ಲ ಕೇಳುವಂತೆ ಅತ್ತಳು. ಆ ಅಳು ನನಗೆ ಪ್ರಶಸ್ತಿಯ ಚಪ್ಪಾಳೆಗಿಂತ ಇಂಪಾಗಿತ್ತು.

ಪತ್ರಿಕೆಗೆ ಬರೆಯಲು ಹೊರಟವರೇ, ಯಾರ ಮೇಲೆ ಬರೆಯುತ್ತೀರೋ ಮೊದಲು ಅವರೆದುರೇ ನಿಂತು ಕೇಳಿ. ಜಾಗ ಸಾಲದಿದ್ದರೆ ನಿಮ್ಮದನ್ನು ಬಿಡಿ, ಅವರ ಉತ್ತರವನ್ನು ಬಿಡಬೇಡಿ. ಮತ್ತೆ, ಬರೆಯುವುದು ನೆಂಟರ ಮೇಲಾದರೆ ಹೆಂಡತಿಗೆ ಮೊದಲೇ ಹೇಳಿಬಿಡಿ. ನಾನು ಹೇಳಿರಲಿಲ್ಲ.