ನಾಲಿಗಿ ಪರೀಕ್ಷಾ

ಶಹಾಬಾದದ ಗೌಂಡಿಗಳೊಳಗ ನಾಲಿಗಿ ಹಚ್ಚಿ ಗ್ವಾಡಿ ವಯಸ್ಸು ಹೇಳಾಂವ ನಾ ಒಬ್ಬನೇ. ಬೀದರ ಕೋಟೆ ಗ್ವಾಡಿ ಅರ್ಧ ನೆಕ್ಕೀನಿ, ನಂಬಿದ್ರ ನಂಬ್ರಿ.

ಒಮ್ಮೆ ಚಿತ್ತಾಪುರ ಕಡೆ ಹಳೇ ಗುಮ್ಮಟದ ಸುಣ್ಣದ ಗಚ್ಚು ಉದುರಲಿಕತ್ತಿತ್ತು. ಬೆಂಗಳೂರಿನ ಸಾಹೇಬರೊಬ್ಬರು ಗಾಜಿನ ಶೀಶೆ ತಗೊಂಡು ಪರೀಕ್ಷಾ ಮಾಡಾಕ ಬಂದ್ರು. ಗಚ್ಚಿನ ಕೆಲಸ ನನಗೇ ಸಿಗಬೇಕಂತ ಭಾಳ ಆಸೆ ಇತ್ತು.

"ಶೀಶೆ ಯಾಕ್ರಿ ಸಾಹೇಬ್ರ, ನಾ ಇಲ್ಲೇನು?" ಅಂದವನೇ ಗ್ವಾಡಿ ಬುಡದಾಗ ಎದ್ದಿದ್ದ ಬಿಳೀ ಪುಡಿ ನೆಕ್ಕಿದೆ. "ಉಪ್ಪು ಅದ ನೋಡ್ರಿ! ಹಿರ್ಯಾರು ಸುಣ್ಣ ಅರೆಯೂವಾಗ ಬೆಲ್ಲದ ಜೋಡಿ ಹಾಕ್ತಿದ್ರು. ನಮ್ಮ ಮುತ್ಯಾನ ಗುಟ್ಟದು."

ಸಾಹೇಬರು ನಗಲಿಲ್ಲ. "ಉಪ್ಪೇನೋ ನಿಜ ಮೇಸ್ತ್ರಿ, ಹಾಕಿದವರು ಹಿರಿಯರಲ್ಲ. ಸಂತೆಗೆ ಬಂದವರೆಲ್ಲ ಇಲ್ಲೇ ಉಚ್ಚೆ ಹೊಯ್ಯುತ್ತಾರೆ. ಅದು ಗೋಡೆಯೊಳಗೆ ಇಳಿದು, ಒಣಗಿ ಉಪ್ಪಾಗಿ ಗಚ್ಚನ್ನು ಒಡೆಯುತ್ತದೆ."

ನಿಂತ ಮಂದಿ ಹೊಟ್ಟಿ ಹಿಡ್ಕೊಂಡು ನಕ್ಕರು. ಟಾಂಗಾ ಹೊಡಿಯೋ ಖಾಸೀಮ್, "ಕಾಕಾ, ಅದ್ರಾಗ ನಂದು ಯಾವುದು ಹೇಳ್ರಿ ನೋಡೋಣು?" ಅಂದ.

ಕೆಲಸ ಸಿಕ್ತು ಬಿಡ್ರಿ. ಗಚ್ಚು ಹಚ್ಚೋದಲ್ಲ, ಬಡಿಗಿ ಹಿಡಿದು ಆ ಗ್ವಾಡಿ ಕಾಯೋದು. ನನ್ನಷ್ಟು ಸಿಟ್ಟಿನಿಂದ ಕಾದ ಮನುಷ್ಯಾ ಇಡೀ ಜಿಲ್ಲಾದಾಗ ಇಲ್ಲ. ಈಗ ಅಲ್ಲಿ ಹರಳಷ್ಟೂ ಉಪ್ಪಿಲ್ಲ. ಅನುಮಾನ ಇದ್ರ ನೀವೇ ನೆಕ್ಕಿ ನೋಡ್ರಿ. ನಾ ಆ ವಿದ್ಯಾ ಬಿಟ್ಟೀನಿ.